ಮಳೆಗೆ ಮೊದಲು ಮಾಡು ಹತ್ತಿದವರು: ಮನೆ ದುರಸ್ತಿ ಸೇವೆಯೊಂದರ ವಿಮರ್ಶೆ

ಏಪ್ರಿಲ್‌ನಲ್ಲಿ ಮುಗಿದ ಕೆಲಸದ ಬಗ್ಗೆ ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಮಾಡಿನ, ಅಂದರೆ ಮನೆಯ ಛಾವಣಿಯ, ಕೆಲಸ ಸರಿಯಾಗಿದೆಯೇ ಎಂಬುದನ್ನು ಬಿಸಿಲಿನಲ್ಲಿ ನಿಂತು ಹೇಳಲಾಗದು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಕಾಸರಗೋಡಿನಲ್ಲಿ ಅದರ ಪರೀಕ್ಷೆ ನಡೆಯುವುದು ಜೂನ್, ಜುಲೈ ತಿಂಗಳುಗಳಲ್ಲಿ, ಅದೂ ರಾತ್ರಿ ಎರಡು ಗಂಟೆಗೆ, ಗಾಳಿಯೊಡನೆ ಬಂದ ಮಳೆ ಪಡುವಣ ಗೋಡೆಗೆ ಬಡಿಯುವಾಗ. ಈ ವರ್ಷವಂತೂ ಜೂನ್ 1ರಂದು ಕೇರಳಕ್ಕೆ ಬರಬೇಕಾಗಿದ್ದ ಮುಂಗಾರು 2025ರ ಮೇ 24ರಂದೇ ಬಂದಿಳಿಯಿತು. ಮೇ ಕೊನೆಗೆ ಬರುವ ತುಳುನಾಡಿನ ಪತ್ತನಾಜೆ ಕಳೆದ ಮೇಲೆ ನೋಡೋಣ ಎಂದುಕೊಂಡಿದ್ದ ನಮ್ಮ ನೆರೆಯ ಮೂರು ಮನೆಯವರು ಮಾಡಿನ ಮೇಲೆ ಟಾರ್ಪಾಲು ಹೊದೆಸಿ ಆ ವಾರ ಕಳೆದರು. ನಮ್ಮ ಮನೆಯಲ್ಲಿ ಒಂದು ಕಡೆ ಬಿಟ್ಟರೆ ಉಳಿದೆಲ್ಲೆಡೆ ನೆಲ ಒಣಗಿಯೇ ಇತ್ತು. ಆ ಒಂದು ಕಡೆಯ ವಿಷಯವನ್ನೂ ಬರೆಯುತ್ತೇನೆ.

ನಮ್ಮದು ಬದಿಯಡ್ಕ ಮತ್ತು ನೀರ್ಚಾಲಿನ ನಡುವೆ, ಅಡಿಕೆ ತೋಟದ ಮೇಲ್ಬದಿಯಲ್ಲಿರುವ ಮನೆ. ಮುಖ್ಯ ಭಾಗವನ್ನು 1958ರಲ್ಲಿ ಮಾವನವರು ಮುರಕಲ್ಲಿನಲ್ಲಿ (ಜಂಬಿಟ್ಟಿಗೆಯಲ್ಲಿ) ಕಟ್ಟಿಸಿ ಹಂಚು ಹೊದೆಸಿದರು. ಹಿಂಬದಿಯ ಅಡುಗೆಮನೆ ಮತ್ತು ಎರಡು ಕೋಣೆಗಳ ತಾರಸಿಯನ್ನು 2004ರಲ್ಲಿ ನಾವು ಸೇರಿಸಿದೆವು. ಹೀಗೆ ಅರ್ಧ ಹಂಚು, ಅರ್ಧ ಕಾಂಕ್ರೀಟಿನ ಮನೆಗಳು ನಮ್ಮ ಕಡೆ ಊರಿಗೆ ಹತ್ತಿವೆ. ವಸಂತ ಬಂತೆಂದರೆ ಇಂಥ ಮನೆಯವರಿಗೆ ಮಾವಿನ ಚಿಗುರಿಗಿಂತ ಮೊದಲು ನೆನಪಾಗುವುದು ಮಾಡಿನ ಹಂಚು, ಮಾಡಿನಂಚಿನ ನೀರು ಹರಿಸುವ ದಂಬೆಯಲ್ಲಿ ತುಂಬಿದ ಹಲಸಿನ ಎಲೆ, ಮಾಡು ಹೊತ್ತ ಪಕ್ಕಾಸಿನ ಮರಕ್ಕೆ ಹತ್ತಿದ ಒರಲೆ (ಗೆದ್ದಲು). ಹಿಂದೆಲ್ಲ ಮಾರ್ಚ್-ಏಪ್ರಿಲ್‌ನ ಸುಗ್ಗಿ ತಿಂಗಳಲ್ಲಿ ಕರೆಯದೆಯೇ ಬಂದು ಹಂಚು ಕೈಯಾಡಿಸಿ ಹೋಗುತ್ತಿದ್ದ ಹಿರಿಯರೊಬ್ಬರಿದ್ದರು. ಅವರಿಗೀಗ ಎಪ್ಪತ್ತು ದಾಟಿದೆ, ಏಣಿ ಹತ್ತುವುದನ್ನು ಬಿಟ್ಟಿದ್ದಾರೆ, ಮಕ್ಕಳು ಕೊಲ್ಲಿಯಲ್ಲಿದ್ದಾರೆ. ಉಳಿದ ಕೆಲಸಗಾರರು ಮಳೆಗೆ ಮೊದಲು ಅಡಿಕೆಗೆ ತುತ್ತ ಸುಣ್ಣ ಬಿಡುವ ಗಡಿಬಿಡಿಯಲ್ಲಿ ಕೈಗೆ ಸಿಗುವುದಿಲ್ಲ. ಆದ್ದರಿಂದ ಮನೆಯ ಎಲ್ಲ ದುರಸ್ತಿಯನ್ನು ಒಟ್ಟಿಗೆ ವಹಿಸಿಕೊಳ್ಳುವ ಪಟ್ಟಣದ ಸಂಸ್ಥೆಯೊಂದಕ್ಕೆ ಫೆಬ್ರವರಿ ಕೊನೆಯ ವಾರದಲ್ಲಿ ಫೋನು ಮಾಡಿದೆ. ಸಂಸ್ಥೆಯ ಹೆಸರನ್ನು ಬರೆಯುವುದಿಲ್ಲ. ದೂರುಗಳಲ್ಲಿ ಹೆಚ್ಚಿನವನ್ನು ಅವರೊಡನೆಯೇ ಮಾತಾಡಿ ಮುಗಿಸಿಕೊಂಡಿದ್ದೇನೆ, ಮತ್ತು ಇಂಥ ಸೇವೆ ಕೊಡುವವರು ಈಗ ಕುಂಬಳೆಯಿಂದ ಕಾಞಂಗಾಡಿನವರೆಗೆ ಹಲವರಿದ್ದಾರೆ. ಯಾರನ್ನು ಕರೆದರೂ ಏನನ್ನು ಅವರಿಗೆ ಬಿಡಬಹುದು, ಏನನ್ನು ಬಿಡಬಾರದು ಎಂಬುದಕ್ಕೆ ಈ ಬರಹ ಉಪಯೋಗವಾದೀತು.

ಮೊದಲ ಗೊಂದಲ ಭಾಷೆಯದು. ಅವರು ಕಳುಹಿಸಿದ ಸೇವೆಗಳ ಪಟ್ಟಿ ಮಲಯಾಳ ಮತ್ತು ಇಂಗ್ಲಿಷಿನಲ್ಲಿತ್ತು. ಈ ಜಿಲ್ಲೆಯಲ್ಲಿ ಸರಕಾರಿ ಕಚೇರಿಗೂ ಕನ್ನಡದಲ್ಲಿ ಅರ್ಜಿ ಕೊಡುವ ನಾವು, ಐವತ್ತು ಸಾವಿರದ ಕೆಲಸಕ್ಕೆ ಕನ್ನಡದ ಪಟ್ಟಿ ಕೇಳುವುದು ಹೆಚ್ಚೇನೂ ಅಲ್ಲವೆಂದು ಕೇಳಿದೆ. ಎರಡೇ ನಿಮಿಷದಲ್ಲಿ ಕನ್ನಡ ಪಟ್ಟಿ ಬಂತು, ಯಂತ್ರವೇ ಅನುವಾದಿಸಿದ್ದು. ವಸಂತದಲ್ಲಿ ಮನೆ ನೋಡಿಕೊಳ್ಳುವ ‘ಸ್ಪ್ರಿಂಗ್ ಹೋಮ್ ಕೇರ್’ ಎಂಬ ಅವರ ಯೋಜನೆ ಅದರಲ್ಲಿ ‘ಬುಗ್ಗೆ ಮನೆ ಆರೈಕೆ’ ಆಗಿತ್ತು. ಗುಡ್ಡದ ಸುರಂಗದಿಂದ ನೀರು ಹರಿದು ಬರುವ ಮನೆ ನಮ್ಮದಾದ್ದರಿಂದ, ಇವರು ಸುರಂಗದ ಹೂಳನ್ನೂ ತೆಗೆಯುತ್ತಾರೆಂದು ನಾನು ನಿಜವಾಗಿಯೂ ನಂಬಿ ದರ ವಿಚಾರಿಸಿದೆ. ಫೋನಿನ ಆಚೆಯ ಹುಡುಗನಿಗೆ ಸುರಂಗವೆಂದರೆ ರೈಲು ಹೋಗುವ ದಾರಿ. ಕೊನೆಗೆ ಮೇಲ್ವಿಚಾರಕನೇ ತುಳುವಿನಲ್ಲಿ ಮಾತಾಡಿ ಒಂದೊಂದಾಗಿ ವಿವರಿಸಿದ, ನಾನು ಕನ್ನಡದಲ್ಲಿ ಬರೆದುಕೊಂಡೆ, ಆ ಕಾಗದಕ್ಕೇ ಇಬ್ಬರೂ ಸಹಿ ಹಾಕಿದೆವು. ಮುಂದೆ ತಕರಾರು ಬಂದಾಗಲೆಲ್ಲ ಕೆಲಸಕ್ಕೆ ಬಂದದ್ದು ಆ ಕಾಗದವೇ.

ಮಾರ್ಚ್ ಮಧ್ಯದಲ್ಲಿ ನಡೆದ ಪರಿಶೀಲನೆಗೆ 750 ರೂಪಾಯಿ. ಕೆಲಸ ಅವರಿಗೇ ಕೊಟ್ಟರೆ ಆ ಮೊತ್ತವನ್ನು ಬಿಲ್ಲಿನಲ್ಲಿ ಕಳೆಯುತ್ತಾರೆ. ಈ ಸೇವೆಯಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದ ಭಾಗ ಇದು. ಮೇಲ್ವಿಚಾರಕ ಮತ್ತು ಇನ್ನೊಬ್ಬರು ಸರಿಯಾಗಿ ನಡು ಮಧ್ಯಾಹ್ನಕ್ಕೆ ಬಂದರು. ಊಟದ ಹೊತ್ತಿಗೆ ಬಂದರಲ್ಲ ಎಂದು ನಾನು ಒಳಗೊಳಗೇ ಗೊಣಗಿದೆ. ಆದರೆ ಅದಕ್ಕೆ ಕಾರಣವಿತ್ತು. ಅಟ್ಟದ ಕಿಟಕಿ ಮುಚ್ಚಿ, ದೀಪ ಆರಿಸಿ, ಕತ್ತಲೆಯಲ್ಲಿ ಐದು ನಿಮಿಷ ಕುಳಿತರೆ ನೆತ್ತಿಯ ಮೇಲಿನ ಬಿಸಿಲು ಒಡೆದ ಹಂಚುಗಳ ಮೂಲಕ ಸೂಜಿಮೊನೆಯಂತೆ ಇಳಿಯುತ್ತದೆ. ಹಾಗೆ ಬೆಳಕು ಕಂಡಲ್ಲೆಲ್ಲ ಕೆಳಗಿನಿಂದಲೇ ಹಂಚು ಕೂರುವ ಮರದ ಪಟ್ಟಿಗೆ, ಅಂದರೆ ರೀಪಿಗೆ, ಸೀಮೆಸುಣ್ಣದಿಂದ ಗುರುತು ಹಾಕಿದರು. ಎಪ್ಪತ್ತಕ್ಕೂ ಹೆಚ್ಚು ಗುರುತುಗಳಾದವು. ಮಂಗಗಳು ಸರಿಸಿದ ಹಂಚು ಯಾವುದು, ತೆಂಗಿನಕಾಯಿ ಬಿದ್ದು ಸೀಳಿದ ಹಂಚು ಯಾವುದು, ರೀಪು ಬಾಗಿ ಬಾಯಿ ಬಿಟ್ಟ ಸಾಲು ಯಾವುದು ಎಂದು ಬೇರೆ ಬೇರೆ ಚಿಹ್ನೆ ಹಾಕಿದ್ದನ್ನು ನೋಡಿ, ಕೆಲಸ ಬಲ್ಲವರೇ ಬಂದಿದ್ದಾರೆಂದು ಸಮಾಧಾನವಾಯಿತು.

ಅದೇ ದಿನ ಅವರು ಮಾಡಿದ ಇನ್ನೊಂದು ಸಣ್ಣ ಕೆಲಸದ ಬೆಲೆ ದೊಡ್ಡದು. ಮೀಟರಿನ ಪಕ್ಕದ ಪೆಟ್ಟಿಗೆಯಲ್ಲಿ ಸೋರುವ ಕರೆಂಟನ್ನು ಹಿಡಿದು ತಾನಾಗಿ ಆರಬೇಕಾದ ಸ್ವಿಚ್ಚು ಇರುತ್ತದಲ್ಲ, ನಾವೆಲ್ಲ ಇಎಲ್‌ಸಿಬಿ ಎಂದೇ ಕರೆಯುವುದು, ಅದರ ಪರೀಕ್ಷಾ ಗುಂಡಿಯನ್ನು ಒತ್ತಿದರು. ಏನೂ ಆಗಲಿಲ್ಲ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ ಈ ಸಾಧನ 30 ಮಿಲಿ ಆಂಪಿಯರ್ ಸೋರಿದರೂ ಕ್ಷಣಾರ್ಧದಲ್ಲಿ ಆರಬೇಕು. ನಮ್ಮದು ಎಷ್ಟು ವರ್ಷಗಳಿಂದ ಸುಮ್ಮನೆ ಗೋಡೆಗೆ ಅಂಟಿಕೊಂಡಿತ್ತೋ ತಿಳಿಯದು. ಗೋಡೆ ಒದ್ದೆಯಾಗುವ ಮಳೆಗಾಲ, ಬಚ್ಚಲಿನ ಗೀಸರ್, ಬಾವಿಯ ಪಂಪು ಇವೆಲ್ಲವನ್ನೂ ನೆನೆದಾಗ ಮೈ ಜುಮ್ಮೆಂದಿತು. ಅದನ್ನು ಬದಲಿಸಲು ಪರವಾನಗಿ ಇರುವ ವಯರ್‌ಮ್ಯಾನ್ ಬೇಕು, ನಮ್ಮಲ್ಲಿ ಅಂಥವರು ಇಲ್ಲ ಎಂದು ಅವರೇ ಹೇಳಿದ್ದು ಪ್ರಾಮಾಣಿಕತೆ. ನಮ್ಮ ಊರಿನ ವಯರ್‌ಮ್ಯಾನ್ ಮರುದಿನವೇ ಬದಲಿಸಿದರು, ಜೊತೆಗೆ ಬಿಸಿಲಿಗೆ ಒಣಗಿ ಬಿರಿದಿದ್ದ ಭೂಸಂಪರ್ಕದ (ಅರ್ತಿಂಗ್) ಗುಂಡಿಗೆ ನೀರು ಹೊಯ್ದು ನೆನೆಸಿದರು. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಮಿಂಚು ಜೋರಾಗಿರುವ ನಮ್ಮ ಕಡೆ ಈ ಎರಡು ಕೆಲಸಗಳನ್ನು ಸುಗ್ಗಿಯಲ್ಲೇ ಮುಗಿಸಬೇಕು. ಗುಂಡಿ ಒತ್ತಿ ನೋಡುವುದಕ್ಕಂತೂ ಯಾರನ್ನೂ ಕರೆಯಬೇಕಿಲ್ಲ.

ಹಂಚಿನ ಕೆಲಸ ಏಪ್ರಿಲ್ ಮೊದಲ ವಾರ ಆರಂಭವಾಯಿತು. ನಾಲ್ವರು, ನಾಲ್ಕು ದಿನ. ನಮ್ಮ ಮಾಡಿನ ವಿಸ್ತಾರ ಸುಮಾರು 1,400 ಚದರಡಿ; ನೂರು ಚದರಡಿಗೆ ಸುಮಾರು 150ರಂತೆ ಎಣಿಸಿದರೆ ಎರಡು ಸಾವಿರಕ್ಕೂ ಹೆಚ್ಚು ಹಂಚುಗಳಾಗುತ್ತವೆ. ಇವುಗಳಲ್ಲಿ ನೂರಿನ್ನೂರು ಹಂಚುಗಳು ಮನೆಗಿಂತ ಹಳೆಯವು. ಮೊದಲಿದ್ದ ಮನೆಯನ್ನು ಬಿಚ್ಚಿದಾಗ ತೆಗೆದಿರಿಸಿ ಮಾವನವರು ಇಲ್ಲಿ ಮತ್ತೆ ಹೊದೆಸಿದ್ದು. ಬೆನ್ನಿನ ಮೇಲೆ ಬಾಸೆಲ್ ಮಿಷನ್ನಿನ ಮುದ್ರೆ ಇದೆ. ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಷನರಿ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಆ ಕಾರ್ಖಾನೆಯ ಹಂಚು ಇಷ್ಟು ಮಳೆ ತಿಂದ ಮೇಲೂ ಬೆರಳಿನಿಂದ ತಟ್ಟಿದರೆ ಕಂಚಿನಂತೆ ಸದ್ದು ಕೊಡುತ್ತದೆ. ತಂಡದ ಹಿರಿಯ ಕೆಲಸಗಾರ ಪ್ರತಿ ಹಂಚನ್ನೂ ಹಾಗೆ ತಟ್ಟಿ ನೋಡಿಯೇ ಮರಳಿ ಇಟ್ಟ; ಕಣ್ಣಿಗೆ ಕಾಣದ ಸೀಳು ಇದ್ದರೆ ಸದ್ದು ಒಡೆದು ಬರುತ್ತದೆ. ಉಳಿದ ಮೂವರು ಹುಡುಗರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಹಂಚಿನ ಮಾಡಿನ ಮೇಲೆ ನಡೆಯುವವರು ಕೆಳಗೆ ರೀಪು ಇರುವ ಜಾಗದಲ್ಲೇ ಕಾಲಿಡಬೇಕು, ಇಲ್ಲವೇ ಏಣಿಯನ್ನು ಮಲಗಿಸಿ ಅದರ ಮೇಲೆ ಓಡಾಡಬೇಕು. ಮೊದಲ ದಿನವೇ ಹನ್ನೊಂದು ಹಂಚುಗಳು ಅವರ ಕಾಲಡಿ ಹೋದವು, ಅವುಗಳಲ್ಲಿ ನಾಲ್ಕು ಮುದ್ರೆಯವು. ಹನ್ನೊಂದರ ಬೆಲೆಯನ್ನೂ ಬಿಲ್ಲಿಗೆ ಹಾಕಲಿಲ್ಲ ಎಂಬುದು ನಿಜ. ಆದರೆ ಆ ನಾಲ್ಕು ಇನ್ನು ಎಲ್ಲಿ ಸಿಕ್ಕಾವು?

ಆ ದಿನಗಳಲ್ಲಿ ಬೆಂಗಳೂರಿನಿಂದ ಬಂದಿದ್ದ ತಂಗಿಯ ಮಗನಿಗೆ ಹತ್ತು ವರ್ಷ. ಮಾಡಿನ ಮೇಲಿದ್ದವರು ಕೆಳಗಿದ್ದವರಿಗೆ ಹಂಚು ಬೇಕೆಂದು ‘ಓಡು, ಓಡು’ ಎಂದು ಕೂಗಿದಾಗ ಹುಡುಗ ಅಂಗಳದಿಂದ ಕೊಟ್ಟಿಗೆಯವರೆಗೆ ಓಡಿಯೇ ಬಿಟ್ಟ. ಮಲಯಾಳದಲ್ಲಿಯೂ ತುಳುವಿನಲ್ಲಿಯೂ ಹಂಚಿಗೆ ಓಡು ಎನ್ನುತ್ತಾರೆಂದು ತಿಳಿಸಿದ ಮೇಲೆ ನಾಚಿಕೊಂಡು, ಮಧ್ಯಾಹ್ನದ ನಂತರ ಅವನೇ ಹಂಚು ಎತ್ತಿ ಕೊಡುತ್ತಿದ್ದ.

ಕೆಲಸದ ಗುಣಮಟ್ಟದ ಬಗ್ಗೆ ಮೂರು ಮಾತು ಹೇಳಬೇಕು. ಒಂದನೆಯದು ಪಾಚಿ. ಎರಡು ಹಂಚುಗಳು ಒಂದರ ಮೇಲೊಂದು ಕೂಡುವಲ್ಲಿ ಪಾಚಿ ಮತ್ತು ಮಣ್ಣು ಕುಳಿತರೆ ನೀರು ಅಲ್ಲೇ ನಿಂತು, ಬಟ್ಟೆಯ ಬತ್ತಿ ಎಣ್ಣೆ ಎಳೆದಂತೆ ಮೇಲಕ್ಕೆ ಏರಿ ಒಳಗೆ ಇಳಿಯುತ್ತದೆ. ಹಂಚು ಒಡೆಯದಿದ್ದರೂ ಮನೆ ಸೋರುವುದಕ್ಕೆ ಇದೇ ಕಾರಣವೆಂದು ಅನೇಕರಿಗೆ ತಿಳಿದಿಲ್ಲ. ಇವರು ಪ್ರತಿ ಹಂಚಿನ ಗೆರೆಗಳನ್ನು ತೆಂಗಿನ ನಾರಿನ ಕುಂಚದಿಂದ ಒಣಗಿದ್ದಾಗಲೇ ಉಜ್ಜಿ ತೆಗೆದರು, ಅದು ಸರಿಯಾದ ಕ್ರಮ. ಎರಡನೆಯದು ರೀಪು. ಹಂಚಿನ ಹಿಂಬದಿಯ ಮೂಗು ರೀಪಿಗೆ ಕಚ್ಚಿಕೊಂಡಿರಬೇಕು. ರೀಪು ಬಾಗಿದರೆ ಹಂಚು ಎಷ್ಟು ಹೊಸದಾದರೂ ಪ್ರಯೋಜನವಿಲ್ಲ. ಇಪ್ಪತ್ತೆರಡು ರೀಪುಗಳನ್ನು ಬದಲಿಸಿದರು. ಹೊಸ ಮರವನ್ನು ನಾವೇ ಒದಗಿಸಿ, ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಎರಡು ಸಲ ಬಳಿದು ಒಣಗಿಸಿ ಇಟ್ಟಿದ್ದೆವು. ಆ ಎಣ್ಣೆ ಕೈಗೆ ತಾಗಿದರೆ ಚರ್ಮ ಸುಟ್ಟು ಹೋಗುತ್ತದೆ, ಕೈಗವಸು ಬೇಕೇ ಬೇಕು.

ಮೂರನೆಯದರಲ್ಲಿ ಅವರು ಎಡವಿದರು. ಎರಡು ಇಳಿಜಾರುಗಳು ಕೂಡುವ ನೆತ್ತಿಯ ಹಂಚುಗಳನ್ನು ಕೂರಿಸಲು ಹಾಕುವ ಗಾರೆಯನ್ನು ಏಪ್ರಿಲ್ ಬಿಸಿಲಿನಲ್ಲಿ ಕಡಿಮೆಯೆಂದರೂ ಒಂದು ವಾರ ನೀರುಣಿಸಿ ಹದಗೊಳಿಸಬೇಕು. ಇವರು ಸಂಜೆ ಒಂದು ಸಲ ನೀರು ಚಿಮುಕಿಸಿ ಏಣಿ ಇಳಿಸಿಕೊಂಡರು. ಮೂರನೆಯ ದಿನ ಹಳೆಯ ಹಂಚಿನ ಕೆಲಸದ ಹಿರಿಯರು ಎಲೆಯಡಿಕೆ ಹಾಕಿಕೊಳ್ಳಲೆಂದು ಬಂದವರು, ಜಗಲಿಯಲ್ಲಿ ಕುಳಿತೇ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, “ಅಕ್ಕಾ, ನೆತ್ತಿ ಬಿರಿದಿದೆ, ಗೋಣಿ ಹಾಸಿ ನೆನೆಸಲು ಹೇಳಿ” ಎಂದರು. ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಆಗಲೇ ಮೂಡಿದ್ದವು. ತಂಡದವರು ಮರುದಿನ ಬಂದು ಆ ಭಾಗವನ್ನು ಕೆದಕಿ ಹೊಸದಾಗಿ ಹಾಕಿ, ಒದ್ದೆ ಗೋಣಿ ಹಾಸಿದರು. ದಿನಕ್ಕೆ ಎರಡು ಸಲ ನೆನೆಸುವ ಕೆಲಸ ನಮ್ಮದಾಯಿತು. ಹೊಸ ಹಂಚು ತರಿಸುವವರಿಗೆ ಇನ್ನೊಂದು ಎಚ್ಚರಿಕೆ: ಒಂದು ಕಾರ್ಖಾನೆಯ ಹಂಚು ಇನ್ನೊಂದರ ಹಂಚಿಗೆ ಸರಿಯಾಗಿ ಕಚ್ಚುವುದಿಲ್ಲ. ಅವರು ತಂದ 140 ಹಂಚುಗಳನ್ನು ಹಳೆಯವುಗಳ ನಡುವೆ ಬೆರೆಸಲು ಹೊರಟಾಗ ನಾನು ತಡೆದು, ಕೊಟ್ಟಿಗೆಯ ಮೇಲಿನ ಹಳೆಯ ಹಂಚುಗಳನ್ನು ಮನೆಗೆ ತರಿಸಿ, ಹೊಸತನ್ನೆಲ್ಲ ಒಟ್ಟಾಗಿ ಕೊಟ್ಟಿಗೆಗೆ ಹೊದೆಸಲು ಹೇಳಿದೆ. ದನಗಳಿಗೆ ಹೊಸ ಮಾಡು ಬಂತು.

ದಂಬೆಯ ಕೆಲಸದಲ್ಲಿ ದೂರಿಲ್ಲ. ಪಿವಿಸಿ ದಂಬೆಯಿಂದ ನಾಲ್ಕು ಗೋಣಿ ಕೊಳೆತ ಎಲೆ ತೆಗೆದರು, ಮೂರು ಕೂಡುಗಳನ್ನು ಹೊಸದಾಗಿ ಅಂಟಿಸಿದರು, ಹತ್ತಡಿಗೆ ಅರ್ಧ ಇಂಚಿನಂತೆ ಇಳಿಜಾರು ಇದೆಯೇ ಎಂದು ದಾರ ಹಿಡಿದು ನೋಡಿ ಎರಡು ಕೊಕ್ಕೆಗಳನ್ನು ಏರಿಸಿದರು. ಕೊನೆಗೆ ಎತ್ತರದ ತುದಿಯಲ್ಲಿ ಒಂದು ಬಾಲ್ದಿ ನೀರು ಹೊಯ್ದು, ಎಲ್ಲೂ ನಿಲ್ಲದೆ ಹರಿಯುವುದನ್ನು ನನಗೆ ತೋರಿಸಿಯೇ ಇಳಿದರು.

ತಾರಸಿಯ ಕತೆ ಬೇರೆ. 620 ಚದರಡಿಗೆ ನೀರು ತಡೆಯುವ ಲೇಪನ, ಚದರಡಿಗೆ 28 ರೂಪಾಯಿ. ಕ್ರಮವೆಲ್ಲ ಸರಿಯಾಗಿತ್ತು. ಪಾಚಿ ಕೆರೆದು, ಬಿರುಕುಗಳನ್ನು ಇಂಗ್ಲಿಷಿನ ‘ವಿ’ ಅಕ್ಷರದಂತೆ ಅಗಲಿಸಿ ಗಾರೆ ತುಂಬಿ, ಗೋಡೆ ಮತ್ತು ತಾರಸಿ ಕೂಡುವ ಮೂಲೆಗೆ ಬಲೆಯಂಥ ಬಟ್ಟೆ ಅಂಟಿಸಿ, ಮೊದಲ ಲೇಪನವನ್ನು ಉದ್ದಕ್ಕೂ ಎರಡನೆಯದನ್ನು ಅಡ್ಡಕ್ಕೂ ಬಳಿಯಬೇಕು. ಎರಡನೆಯ ಲೇಪನದ ದಿನ ಮಧ್ಯಾಹ್ನವೇ ಮೂಡಣದಲ್ಲಿ ಕಪ್ಪು ಮೋಡ ಏರಿತ್ತು. ಇವತ್ತು ಬೇಡ ಎಂದು ನಾನು ಹೇಳಿದರೂ, ಮರುದಿನ ಬೇರೆ ಮನೆಯಲ್ಲಿ ಕೆಲಸ ಒಪ್ಪಿಕೊಂಡಿದ್ದ ಹುಡುಗರು ಬಳಿದು ಮುಗಿಸಿದರು. ಒಂದು ಗಂಟೆಯೊಳಗೆ ಬೇಸಿಗೆ ಮಳೆ ಬಂತು. ಬಿಳಿಯ ಲೇಪನ ಹಾಲಿನಂತೆ ಕರಗಿ ದಂಬೆಯಲ್ಲಿ ಹರಿದು ನನ್ನ ಮಲ್ಲಿಗೆ ಬುಡಕ್ಕೆ ಸೇರಿತು. ಉಳಿದದ್ದು ಒಣಗಿದಾಗ ಗುಳ್ಳೆ ಗುಳ್ಳೆ. ಮೇಲ್ವಿಚಾರಕನಿಗೆ ಫೋಟೋ ಕಳುಹಿಸಿದೆ. ಎರಡು ದಿನ ಉತ್ತರವಿಲ್ಲ, ಮೂರನೆಯ ದಿನ ತಾನೇ ಬಂದು ನೋಡಿ ತಪ್ಪು ಒಪ್ಪಿಕೊಂಡ. ವಿಷುವಿನ ಮರುವಾರ ಗುಳ್ಳೆಯೆದ್ದ ಭಾಗವನ್ನೆಲ್ಲ ಕೆರೆದು, ಹಣ ಕೇಳದೆ ಮತ್ತೆ ಎರಡು ಲೇಪನ ಹಾಕಿಸಿದ. ತಾರಸಿಯಲ್ಲಿ ಒಂದು ದಿನ ನೀರು ನಿಲ್ಲಿಸಿ ಪರೀಕ್ಷಿಸುವ ಕ್ರಮವೂ ಇದೆ. ಬಾವಿಯಲ್ಲಿ ಕೊಡ ಮುಳುಗುವಷ್ಟೂ ನೀರಿಲ್ಲದ ಏಪ್ರಿಲ್‌ನಲ್ಲಿ ಅದನ್ನು ನಾನೇ ಬೇಡವೆಂದೆ.

ನೀರಿನ ಮಾತು ಬಂದುದರಿಂದ ನನ್ನ ದೊಡ್ಡ ಆಕ್ಷೇಪವನ್ನು ಇಲ್ಲೇ ಬರೆಯುತ್ತೇನೆ. ಅವರ ಯೋಜನೆಯಲ್ಲಿ ಒತ್ತಡದ ನೀರಿನಿಂದ ಗೋಡೆ, ಅಂಗಳ, ಆವರಣಗೋಡೆ ತೊಳೆಯುವುದೂ ಸೇರಿದೆ, ಅದಕ್ಕೆ 3,500 ರೂಪಾಯಿ. ವಸಂತವೆಂದರೆ ಹಿಮ ಕರಗಿ ಹೊಳೆ ತುಂಬುವ ದೇಶಗಳಲ್ಲಿ ಯಾರೋ ಬರೆದ ಪಟ್ಟಿಯನ್ನು ಹಾಗೆಯೇ ಎತ್ತಿಕೊಂಡಂತಿದೆ. ನಮ್ಮ ವಸಂತ ಬಾವಿಯ ತಳ ಕಾಣುವ ಕಾಲ. ಆ ಯಂತ್ರ ನಿಮಿಷಕ್ಕೆ ಆರೇಳು ಲೀಟರ್ ನೀರು ಕುಡಿಯುತ್ತದೆ; ಮೂರು ಗಂಟೆ ತೊಳೆದರೆ ಸಾವಿರದ ಇನ್ನೂರು ಲೀಟರಿನಷ್ಟಾಯಿತು. ನಾನು ಪೇಟೆಗೆ ಹೋಗಿ ಬರುವಷ್ಟರಲ್ಲಿ ಪಂಪು ಗಾಳಿ ಎಳೆಯುತ್ತಿತ್ತು. ಅದಕ್ಕಿಂತ ಹೆಚ್ಚಿನ ಹಾನಿ ಗೋಡೆಗೆ. ಮುರಕಲ್ಲು ಗಾಳಿಗೆ ಗಟ್ಟಿಯಾಗುವ ಕಲ್ಲು, ಆದರೆ ಅದರ ಮೈಯೆಲ್ಲ ತೂತು. ಗಾರೆ ಬಳಿಯದ ನಮ್ಮ ಆವರಣಗೋಡೆಯ ಕಲ್ಲುಗಳ ನಡುವಿನ ಹಳೆಯ ಸುಣ್ಣದ ಗಾರೆಯನ್ನು ಆ ನೀರಿನ ಬಾಣ ಬೆರಳು ತೂರುವಷ್ಟು ಆಳಕ್ಕೆ ಕಿತ್ತು ತೆಗೆಯಿತು. ಗೋಡೆ ಎರಡು ದಿನ ಹೊಸ ಕಲ್ಲಿನಂತೆ ಕೆಂಪಗೆ ಹೊಳೆದದ್ದು ನಿಜ, ನೋಡಿದವರು ಹೊಗಳಿದ್ದೂ ನಿಜ. ಜುಲೈಯಲ್ಲಿ ಅದೇ ಗೋಡೆಯ ಮೇಲೆ ಹಿಂದಿಗಿಂತ ದಪ್ಪಗೆ ಪಾಚಿ ಬಂದಿದೆ, ಸಂದಿಗಳಲ್ಲಿ ಜರಿಗಿಡ ಬೇರು ಬಿಟ್ಟಿದೆ. ಈ ಕೆಲಸಕ್ಕೆ ಪರಿಹಾರ ಕೇಳಿದಾಗ, ಪಟ್ಟಿಯಲ್ಲಿ ಇತ್ತಲ್ಲ ಎಂಬ ಉತ್ತರ ಬಂತು. ಇತ್ತು, ನನ್ನ ಸಹಿಯೂ ಇತ್ತು. ಮುರಕಲ್ಲಿನ ಮನೆಯವರು ಈ ಒಂದು ಸಾಲನ್ನು ಹೊಡೆದು ಹಾಕಿಯೇ ಸಹಿ ಮಾಡಬೇಕು. ಕತ್ತಿಯ ಹಿಂಬದಿಯಿಂದ ಪಾಚಿ ಕೆರೆದು ಒಣಗಿಸಿ, ಒಂದು ಸಲ ಸುಣ್ಣ ಬಳಿದರೆ ಸಾಕು.

ಬಾವಿ ಶುಚಿಗೊಳಿಸುವ ಕೆಲಸಕ್ಕೆ ಅವರು ಬೇರೆಯೇ ಇಬ್ಬರನ್ನು ಕರೆತಂದರು. ಇಳಿಯುವ ಮೊದಲು ಉರಿಯುವ ದೀಪವನ್ನು ತಳದವರೆಗೆ ಇಳಿಸಿ, ಅದು ಆರುವುದಿಲ್ಲವೆಂದು ನೋಡಿಕೊಂಡು, ಸೊಂಟಕ್ಕೆ ಹಗ್ಗ ಕಟ್ಟಿ ಇಳಿದರು. ಹೂಳು, ಒಡೆದ ಕೊಡ, ಎರಡು ತೆಂಗಿನ ಗರಿ, ನಾವು ವರ್ಷಗಟ್ಟಲೆ ಹುಡುಕಿದ್ದ ಹಿತ್ತಾಳೆಯ ಚೊಂಬು ಎಲ್ಲ ಮೇಲೆ ಬಂದವು. ಆದರೆ ಕೊನೆಗೆ ಬ್ಲೀಚಿಂಗ್ ಪುಡಿ ಹಾಕುವಾಗ ಅವರು ಅಳತೆ ಮಾಡಲಿಲ್ಲ. ಎರಡು ಹಿಡಿ ಎಂದರು. ಯಾರ ಹಿಡಿ? ಸಾವಿರ ಲೀಟರಿಗೆ 2.5 ಗ್ರಾಂ ಎಂಬುದು ಆರೋಗ್ಯ ಇಲಾಖೆಯವರು ಹೇಳುವ ಸಾಮಾನ್ಯ ಲೆಕ್ಕ. ನಮ್ಮ ಬಾವಿಯ ಅಗಲ ಎರಡೂವರೆ ಮೀಟರ್; ಎರಡು ಮೀಟರ್ ನೀರಿದ್ದರೆ ಸುಮಾರು 9,800 ಲೀಟರ್, ಅಂದರೆ 25 ಗ್ರಾಂ ಸಾಕು. ಆ ದಿನ ಇದ್ದದ್ದು ಮೊಣಕಾಲುದ್ದದ ನೀರು. ನಾನು ಅಡುಗೆಮನೆಯ ತಕ್ಕಡಿ ತಂದು ತೂಗಿ ಕೊಟ್ಟೆ. ಅವರು ನಕ್ಕರು, ಆದರೆ ನಾನು ಹೇಳಿದಂತೆ ಪುಡಿಯನ್ನು ಬಾಲ್ದಿಯಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿನೀರನ್ನು ಮಾತ್ರ ಬಾವಿಗೆ ಹೊಯ್ದರು. ಒಂದು ಗಂಟೆ ಬಿಟ್ಟರೆ ಸಾಕೆನ್ನುತ್ತಾರೆ, ನಾವು ಮರುದಿನ ಬೆಳಗಿನವರೆಗೆ ನೀರು ಸೇದಲಿಲ್ಲ. ಬಾಯಿ ತೆರೆದಿಟ್ಟ ಹಳೆಯ ಪೊಟ್ಟಣದ ಪುಡಿಗೆ ಸತ್ತ್ವ ಇಳಿದಿರುತ್ತದೆ, ಹೊಸತನ್ನೇ ತರಬೇಕು.

ಒರಲೆಯ ಮದ್ದಿನ ವಿಷಯದಲ್ಲಿ ನಾನು ಅವರ ಮಾತು ಕೇಳಲಿಲ್ಲ. ಗೋಡೆ ಮತ್ತು ನೆಲ ಕೂಡುವಲ್ಲಿ ಒಂದೊಂದು ಅಡಿಗೆ ರಂಧ್ರ ಕೊರೆದು ರಾಸಾಯನಿಕ ತುಂಬುವುದು ಅವರ ವಿಧಾನ, ಅದು ಮಾನ್ಯವಾದ ವಿಧಾನವೇ. ಆದರೆ ನಮ್ಮ ಬಾವಿ ಅಡುಗೆಮನೆಯ ಗೋಡೆಯಿಂದ ಹನ್ನೆರಡೇ ಅಡಿ ದೂರದಲ್ಲಿದೆ, ಮಣ್ಣು ಮುರಕಲ್ಲಿನದು, ನೀರು ಎಲ್ಲಿಂದ ಎಲ್ಲಿಗೆ ಇಂಗುತ್ತದೆಂದು ಯಾರೂ ಹೇಳಲಾರರು. ಬಾವಿ ಎಷ್ಟು ದೂರ ಎಂದು ಅವರು ಕೇಳಬೇಕಿತ್ತು, ಕೇಳಲಿಲ್ಲ. ಒರಲೆಯ ಮಣ್ಣಿನ ದಾರಿಗಳನ್ನು ಕೆರೆದು ತೆಗೆದು, ಪಕ್ಕಾಸುಗಳಿಗೆ ಎಣ್ಣೆ ಬಳಿಯುವುದಕ್ಕೆ ಮಾತ್ರ ಒಪ್ಪಿದೆ. ಗೋಡೆಗೆ ಒರಗಿಸಿಟ್ಟಿದ್ದ ಸೌದೆಯ ರಾಶಿಯನ್ನು ನಾವೇ ದೂರ ಸಾಗಿಸಿದೆವು. ದಾರಿ ಶುರುವಾಗಿದ್ದದ್ದು ಅಲ್ಲಿಂದಲೇ.

ಸುರಂಗ ಅವರ ಕೆಲಸವಲ್ಲ, ಅದನ್ನು ಅವರಿಂದ ನಿರೀಕ್ಷಿಸಲೂ ಬಾರದು. ಬಾಯಾರು, ಎಣ್ಮಕಜೆ ಕಡೆಯಲ್ಲಿ ಈಗಲೂ ಸುರಂಗದೊಳಗೆ ಬಗ್ಗಿ ಹೋಗಿ ಕುಸಿದ ಮಣ್ಣು ಹೊರಗೆ ಹಾಕಬಲ್ಲ ಅನುಭವಿಗಳಿದ್ದಾರೆ. ಪ್ರತಿ ವರ್ಷದಂತೆ ಅವರನ್ನೇ ಕರೆದೆವು. ಮನೆಗೆ ಬರುವ ವಿದ್ಯುತ್ ತಂತಿಗೆ ತಾಗುತ್ತಿದ್ದ ತೆಂಗಿನ ಗರಿಯನ್ನೂ ತಂಡದವರು ಮುಟ್ಟಲಿಲ್ಲ, ಅದೂ ಸರಿಯೇ. ವಿದ್ಯುತ್ ಮಂಡಳಿಯ 1912ಕ್ಕೆ ಫೋನು ಮಾಡಿದ ಮೇಲೆ ಮಂಡಳಿಯವರೇ ಬಂದು ಲೈನು ನಿಲ್ಲಿಸಿ ಕಡಿದರು.

ಇನ್ನು ಲೆಕ್ಕ. ಹಂಚಿನ ಕೆಲಸದ ಕೂಲಿ 16,800, ಹೊಸ ಹಂಚಿಗೆ 6,720, ತಾರಸಿಗೆ 17,360, ದಂಬೆಗೆ 2,200, ತೊಳೆದದ್ದಕ್ಕೆ 3,500, ಬಾವಿಗೆ 4,500. ಒಟ್ಟು 51,080ರಲ್ಲಿ ಪರಿಶೀಲನೆಯ 750 ಕಳೆದು 50,330 ರೂಪಾಯಿ ಕೊಟ್ಟೆ. ಬಿಡಿ ಬಿಡಿಯಾಗಿ ಆಳುಗಳನ್ನು ಹುಡುಕಿದ್ದರೆ ಆರೇಳು ಸಾವಿರ ಉಳಿಯುತ್ತಿತ್ತೇನೋ, ಆದರೆ ಹುಡುಕುವಷ್ಟರಲ್ಲಿ ಈ ವರ್ಷದ ಮಳೆ ಬಂದಾಗಿರುತ್ತಿತ್ತು. ಹಂಚು, ದಂಬೆ ಮತ್ತು ಪರಿಶೀಲನೆಗೆ ಕೊಟ್ಟ ಹಣಕ್ಕೆ ಮೋಸವಿಲ್ಲ. ತಾರಸಿಗೂ ಇಲ್ಲ, ಮೋಡ ನೋಡಿ ಕೆಲಸ ನಿಲ್ಲಿಸುವ ವಿವೇಕ ಹುಡುಗರಿಗೆ ಬಂದರೆ. ತೊಳೆದದ್ದಕ್ಕೆ ಕೊಟ್ಟ 3,500 ಮಾತ್ರ ನೀರಿನಲ್ಲೇ ಹೋಯಿತು.

ಮೇ 24ರ ರಾತ್ರಿ ನಿದ್ದೆ ಮಾಡದೆ ಟಾರ್ಚು ಹಿಡಿದು ಮನೆಯೆಲ್ಲ ಸುತ್ತಿದೆ. ಚಾವಡಿ ಒಣಗಿತ್ತು, ಅಟ್ಟದಲ್ಲಿ ಸೀಮೆಸುಣ್ಣದ ಗುರುತುಗಳು ಅಳಿಸದೆ ಹಾಗೆಯೇ ಇದ್ದವು, ತಾರಸಿಯ ಕೋಣೆಗಳ ಮೂಲೆಯಲ್ಲಿ ಪ್ರತಿವರ್ಷ ಮೂಡುತ್ತಿದ್ದ ಕಂದು ಕಲೆ ಕಾಣಲಿಲ್ಲ. ಮೂರನೆಯ ದಿನ, ಗಾಳಿ ದಿಕ್ಕು ಬದಲಿಸಿ ಪಡುವಣದಿಂದ ಬೀಸಿದಾಗ, ಹಳೆಯ ಮನೆಯ ಹಂಚಿನ ಮಾಡು ಹೊಸ ಭಾಗದ ಕಾಂಕ್ರೀಟ್ ಗೋಡೆಗೆ ತಾಗುವ ಕಡೆ, ಮೆಟ್ಟಿಲಿನ ಮೇಲೆ, ತೊಟ್ಟಿಕ್ಕತೊಡಗಿತು. ಅಲ್ಲಿನ ತಗಡನ್ನು ಗೋಡೆಯಲ್ಲಿ ಸೀಳು ಕೊರೆದು ಒಳಕ್ಕೆ ಸೇರಿಸದೆ ಮೇಲಿನಿಂದ ಅಂಟು ಬಳಿದು ಮುಗಿಸಿದ್ದಾರೆ. ಹಂಚಿನ ಕೆಲಸದವರು ಅದು ತಾರಸಿಯವರದೆಂದೂ, ತಾರಸಿಯವರು ಅದು ಹಂಚಿನವರದೆಂದೂ ಬಿಟ್ಟದ್ದು. ಮೇಲ್ವಿಚಾರಕ ಬಂದು ನೋಡಿ, ಮಳೆ ಬಿಟ್ಟ ಮೇಲೆ ಗೋಡೆ ಕೊರೆದು ಹೊಸ ತಗಡು ಕೂರಿಸಿಕೊಡುವುದಾಗಿ ಹಳೆಯ ಕಾಗದದ ಕೆಳಗೇ ಬರೆದು ಸಹಿ ಹಾಕಿ ಹೋಗಿದ್ದಾನೆ. ಸದ್ಯಕ್ಕೆ ಮೆಟ್ಟಿಲಿನ ನಾಲ್ಕನೆಯ ಹಂತದ ಮೇಲೆ, ಬಾವಿಯಿಂದ ಮೇಲೆ ಬಂದ ಆ ಹಿತ್ತಾಳೆಯ ಚೊಂಬನ್ನು ಇಟ್ಟಿದ್ದೇನೆ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಚೆಲ್ಲಿದರೆ ಸಾಕಾಗುತ್ತದೆ.